ಮಾತಿನಲ್ಲಿ ಮನುಷ್ಯನನ್ನು ಅಳೆಯುವ ಬಗೆ: ಉದ್ಯೋಗ ಸಂದರ್ಶನದ ಚರಿತ್ರೆ



ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸಂದರ್ಶನದ ಪತ್ರ ಕೈಗೆ ಬಂದ ದಿನದಿಂದ ಎಷ್ಟೋ ಮಂದಿಗೆ ನಿದ್ದೆ ಹತ್ತುವುದಿಲ್ಲ. ಪರೀಕ್ಷೆಗಾದರೆ ಪುಸ್ತಕವಿದೆ, ಹಳೆಯ ಪ್ರಶ್ನೆಪತ್ರಿಕೆಗಳಿವೆ. ಮೇಜಿನ ಆಚೆ ಕುಳಿತ ನಾಲ್ಕೈದು ಮಂದಿ ಹಿರಿಯರು ಏನು ಕೇಳುತ್ತಾರೆ, ನಮ್ಮಲ್ಲಿ ಏನನ್ನು ಹುಡುಕುತ್ತಾರೆ ಎಂಬುದಕ್ಕೆ ಪಠ್ಯಪುಸ್ತಕವಿಲ್ಲ. ಆದರೆ ಅದಕ್ಕೊಂದು ಚರಿತ್ರೆಯಿದೆ. ಅದನ್ನು ತಿಳಿದವರಿಗೆ ಅರ್ಧ ಭಯ ಇಳಿಯುತ್ತದೆ, ಸಿದ್ಧತೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದೂ ಹೊಳೆಯುತ್ತದೆ.

ಮೈಸೂರಿನಿಂದಲೇ ಹೊರಡೋಣ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿಯ ಗ್ರಂಥವನ್ನು ತಂದು ಕೊಟ್ಟರು. ಲೈಬ್ರರಿಯ ವಿದ್ವಾಂಸರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಹೆಸರಷ್ಟೇ ಉಳಿದಿದ್ದ ಗ್ರಂಥ ಹೀಗೆ ನಮ್ಮ ಕೈಗೆ ಬಂತು. ಅದರ ಮೊದಲನೆಯ ಅಧಿಕರಣದಲ್ಲಿ ಮಂತ್ರಿಯಾಗಬೇಕಾದವನನ್ನು ಪರೀಕ್ಷಿಸುವ ಕ್ರಮವನ್ನು ಹೇಳಿದೆ. ಅವನ ಊರು, ಮನೆತನಗಳನ್ನು ಆಪ್ತರಿಂದ ತಿಳಿಯಬೇಕು. ವಿದ್ಯೆಯನ್ನು ಅದೇ ವಿದ್ಯೆ ಬಲ್ಲವರಿಂದ ಅಳೆಯಬೇಕು. ಬುದ್ಧಿ, ದಕ್ಷತೆಗಳನ್ನು ಅವನು ಕೈಹಾಕಿದ ಕೆಲಸದಲ್ಲಿ ನೋಡಬೇಕು. ಶೀಲ, ಆರೋಗ್ಯ, ಧೈರ್ಯಗಳನ್ನು ಜೊತೆಯಲ್ಲಿ ವಾಸವಾಗಿದ್ದವರನ್ನು ಕೇಳಿ ಅರಿಯಬೇಕು. ಹಾಗಾದರೆ ಎದುರಿಗೆ ಕೂರಿಸಿಕೊಂಡು ಮಾತನಾಡಿಸಿ ತಿಳಿಯುವುದೇನು? ಮೂರೇ ಗುಣಗಳು: ವಾಗ್ಮಿತೆ, ಪ್ರಾಗಲ್ಭ್ಯ, ಪ್ರತಿಭಾನ. ಎಂದರೆ ಹೇಳಬೇಕಾದುದನ್ನು ಚೆನ್ನಾಗಿ ಹೇಳುವ ಶಕ್ತಿ, ಅಳುಕಿಲ್ಲದೆ ನಿಲ್ಲುವ ದಿಟ್ಟತನ, ಸಮಯಕ್ಕೆ ಹೊಳೆಯುವ ಬುದ್ಧಿ.

ಸಂಭಾಷಣೆಯಿಂದ ಎಲ್ಲವೂ ತಿಳಿಯುವುದಿಲ್ಲ, ಮೂರು ಗುಣಗಳಷ್ಟೇ ತಿಳಿಯುತ್ತವೆ ಎಂಬ ಈ ಮಿತಿ ಬಹಳ ಮುಖ್ಯವಾದುದು. ಮುಂದಿನ ಕಥೆಯೆಲ್ಲ ಈ ಮಿತಿಯನ್ನು ಮರೆತದ್ದರ ಮತ್ತು ಮತ್ತೆ ಕಂಡುಕೊಂಡದ್ದರ ಕಥೆ.

ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಸಂದರ್ಶನವೂ ಇರಲಿಲ್ಲ, ಸ್ಪರ್ಧೆಯೂ ಇರಲಿಲ್ಲ. ಕಂಪನಿಯ ನಿರ್ದೇಶಕರು ತಮಗೆ ಬೇಕಾದ ಹುಡುಗರನ್ನು ಹೆಸರಿಸುತ್ತಿದ್ದರು. ಆ ಹುಡುಗರು ಹೈಲಿಬರಿ ಕಾಲೇಜಿನಲ್ಲಿ ಓದಿ ಇಂಡಿಯಾಕ್ಕೆ ಹಡಗು ಹತ್ತುತ್ತಿದ್ದರು. 1853ರ ಶಾಸನ ಈ ಪದ್ಧತಿಯನ್ನು ಕೊನೆಗೊಳಿಸಿತು. ಮೆಕಾಲೆಯ ಸಮಿತಿ 1854ರಲ್ಲಿ ವರದಿ ಕೊಟ್ಟಿತು, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಸ್ಪರ್ಧಾ ಪರೀಕ್ಷೆ ನಡೆಯಿತು. ಬಾಗಿಲು ತೆರೆದದ್ದೇನೋ ನಿಜ. ಆ ಬಾಗಿಲು ಸಮುದ್ರದ ಆಚೆ ಇತ್ತು. 1863ರಲ್ಲಿ ಸತ್ಯೇಂದ್ರನಾಥ ಠಾಕೂರರು ಅದನ್ನು ದಾಟಿದ ಮೊದಲ ಭಾರತೀಯರಾದರು. 1876ರಲ್ಲಿ ಗರಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸುವ ತೀರ್ಮಾನವಾಯಿತು. ನಮ್ಮ ಹುಡುಗರು ಅಷ್ಟು ಎಳೆಯ ವಯಸ್ಸಿನಲ್ಲಿ ಲಂಡನ್ನಿಗೆ ಹೋಗಿ ಬರೆಯುವುದು ಹೇಗೆ? ಸುರೇಂದ್ರನಾಥ ಬ್ಯಾನರ್ಜಿಯವರು ಇದರ ವಿರುದ್ಧ ದೇಶವೆಲ್ಲ ಸುತ್ತಿ ಸಭೆಗಳನ್ನು ನಡೆಸಿದರು.

ಕಾಗದದ ಮೇಲಿನ ಪರೀಕ್ಷೆಯಲ್ಲಿ ಗೆದ್ದರೂ ಸಾಲದಿತ್ತು. ಅರವಿಂದ ಘೋಷರು 1890ರಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಉತ್ತಮ ಸ್ಥಾನ ಪಡೆದರು. ಆದರೆ ಕುದುರೆ ಸವಾರಿಯ ಪರೀಕ್ಷೆಯನ್ನು ಪೂರೈಸದ ಕಾರಣ 1892ರಲ್ಲಿ ಅವರನ್ನು ಸೇವೆಗೆ ತೆಗೆದುಕೊಳ್ಳಲಿಲ್ಲ. ಆ ಕೆಲಸ ಅವರಿಗೇ ಬೇಡವಾಗಿತ್ತು ಎನ್ನುವವರಿದ್ದಾರೆ. ಏನೇ ಇರಲಿ, ಗ್ರೀಕ್, ಲ್ಯಾಟಿನ್ ಬಲ್ಲವರು ಕುದುರೆಯ ಬೆನ್ನಿನ ಲೆಕ್ಕದಲ್ಲಿ ಹೊರಗುಳಿದದ್ದು ಚರಿತ್ರೆ.

ಇತ್ತ ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಮೊದಲ ಬಾರಿಗೆ ನಡೆಯಿತು. (ಓರಿಯಂಟಲ್ ಲೈಬ್ರರಿ ಸ್ಥಾಪನೆಯಾದದ್ದೂ ಅದೇ ವರ್ಷ.) ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಈ ಸೇವೆಯಲ್ಲೇ ಅಧಿಕಾರಿಯಾಗಿದ್ದವರು. ಪರೀಕ್ಷೆ ಎಲ್ಲರಿಗೂ ಒಂದೇ ಆಗಿದ್ದರೂ ಶಾಲೆ ಎಲ್ಲರಿಗೂ ಸಿಕ್ಕಿರಲಿಲ್ಲ. ಉದ್ಯೋಗಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆಂಬ ದೂರು ಎದ್ದಾಗ, 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಭಾಗ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಅದು ಶಿಫಾರಸು ಮಾಡಿತು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಸ್ಟ್ಯಾನ್ಲಿ ಲೀತ್ಸ್ ಅವರ ಸಮಿತಿ 1917ರಲ್ಲಿ ಕೊಟ್ಟ ವರದಿಯ ಮೇಲೆ ಸಿವಿಲ್ ಸರ್ವಿಸ್ ಪರೀಕ್ಷೆಗೆ ಮೌಖಿಕ ಪರೀಕ್ಷೆಯೊಂದು ಸೇರಿತು. ಯಾವುದೇ ಪಾಠವಿಷಯವನ್ನು ಕೇಳದೆ ಅಭ್ಯರ್ಥಿಯ ಚುರುಕುತನ, ಬುದ್ಧಿಯ ನಿಲುವು ಇವನ್ನು ನೋಡುವುದು ಅದರ ಉದ್ದೇಶ. ಇಂದಿನ ನಮ್ಮ ವ್ಯಕ್ತಿತ್ವ ಪರೀಕ್ಷೆಯ ಬೇರು ಇದು. 1926ರಲ್ಲಿ ಇಂಡಿಯಾದಲ್ಲಿ ಲೋಕಸೇವಾ ಆಯೋಗ ಹುಟ್ಟಿತು. 1950ರಲ್ಲಿ ಸಂವಿಧಾನ ಕೇಂದ್ರಕ್ಕೂ ರಾಜ್ಯಗಳಿಗೂ ಆಯೋಗಗಳನ್ನು ವಿಧಿಸಿತು. ಸಂದರ್ಶನವೂ ಜೊತೆಯಲ್ಲೇ ಬಂತು.

ಸಮಸ್ಯೆಯೂ ಬಂತು. ಪರೀಕ್ಷೆಯ ಅಂಕಕ್ಕೆ ಉತ್ತರಪತ್ರಿಕೆ ಸಾಕ್ಷಿ. ಸಂದರ್ಶನದ ಅಂಕಕ್ಕೆ ಸಾಕ್ಷಿ ಯಾರು? ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದ ಮುಖ್ಯ ಪ್ರಕರಣಗಳಲ್ಲಿ ಒಂದು ನಮ್ಮದೇ: 1964ರ ಚಿತ್ರಲೇಖಾ ಮತ್ತು ಮೈಸೂರು ರಾಜ್ಯದ ನಡುವಿನ ಮೊಕದ್ದಮೆ. ವಿಷಯ ಉದ್ಯೋಗವಲ್ಲ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಇಡಲಾಗಿತ್ತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಆಟ, ಚರ್ಚೆ, ನಾಟಕ ಇವನ್ನೆಲ್ಲ ನೋಡಿ ಅಂಕ ಕೊಡಬೇಕಿತ್ತು. ನ್ಯಾಯಾಲಯ ಬಹುಮತದಿಂದ ಈ ಪದ್ಧತಿಯನ್ನು ಎತ್ತಿಹಿಡಿಯಿತು.

ಆದರೆ 1980ರ ಅಜಯ್ ಹಾಸಿಯಾ ಪ್ರಕರಣದ ಹೊತ್ತಿಗೆ ಗಾಳಿ ತಿರುಗಿತ್ತು. ಶ್ರೀನಗರದ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಎರಡು ಮೂರು ನಿಮಿಷ ಮಾತನಾಡಿಸಿ, ತಂದೆ ಯಾರು, ಮನೆ ಎಲ್ಲಿ ಎಂದಷ್ಟೇ ಕೇಳಿ ಕಳಿಸಿದರೆಂಬುದು ಹುಡುಗರ ದೂರು. ಮೂರು ನಿಮಿಷದಲ್ಲಿ ಒಬ್ಬ ಹುಡುಗನ ಒಂದು ವರ್ಷ ತೀರ್ಮಾನವಾಗುವುದೆಂದರೇನು? ಇಂಥ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಅಂಕ ಇಡುವುದು ಸಲ್ಲದು ಎಂದಿತು ನ್ಯಾಯಾಲಯ. ಸಂಭಾಷಣೆಯನ್ನು ಟೇಪಿನಲ್ಲಿ ದಾಖಲಿಸುವುದು ಒಳ್ಳೆಯದೆಂದೂ ಸೂಚಿಸಿತು. 1981ರಲ್ಲಿ ಇನ್ನೊಂದು ಪೀಠ, ಎಳೆಯರಿಗೂ ವ್ಯಕ್ತಿತ್ವ ಮಾಗಿದ ವಯಸ್ಕರಿಗೂ ಒಂದೇ ಅಳತೆ ಬೇಡ, ಉದ್ಯೋಗದ ಸಂದರ್ಶನಕ್ಕೆ ಹೆಚ್ಚು ತೂಕ ಕೊಡಬಹುದು ಎಂದಿತು. 1985ರಲ್ಲಿ ಹರಿಯಾಣದ ಪ್ರಕರಣ ಬಂತು. ಅಲ್ಲಿ ಹುದ್ದೆಗಳಿಗಿಂತ ಸುಮಾರು ಇಪ್ಪತ್ತು ಪಟ್ಟು ಜನರನ್ನು ಸಂದರ್ಶನಕ್ಕೆ ಕರೆದಿದ್ದರು. ಎರಡು ಮೂರು ಪಟ್ಟಿಗಿಂತ ಹೆಚ್ಚು ಮಂದಿಯನ್ನು ಕರೆಯಬಾರದು, ಬಂಧುಗಳು ಅಭ್ಯರ್ಥಿಯಾಗಿ ಬಂದಾಗ ಸದಸ್ಯರು ಎದ್ದು ಹೋಗಬೇಕು, ಸಾಮಾನ್ಯ ಅಭ್ಯರ್ಥಿಗಳಿಗೆ ಸಂದರ್ಶನದ ಪಾಲು ಶೇಕಡಾ 12.2 ಮೀರಬಾರದು ಎಂದು ತೀರ್ಪಾಯಿತು. ಈ 12.2 ಎಲ್ಲಿಂದ ಬಂತು? ಆಗ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಒಟ್ಟು 2050 ಅಂಕಗಳಲ್ಲಿ ಸಂದರ್ಶನಕ್ಕಿದ್ದುದು 250. ಅದು 1993ರಲ್ಲಿ 2300ಕ್ಕೆ 300 ಆಯಿತು. 2013ರಿಂದ 2025ಕ್ಕೆ 275. 2016ರ ಜನವರಿಯಿಂದ ಕೇಂದ್ರ ಸರ್ಕಾರದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಡಲಾಯಿತು.

ಹೀಗೆ ಎಂಟು ಪಾಲಿನಲ್ಲಿ ಒಂದು ಪಾಲಿನಷ್ಟು ಮಾತ್ರ ಮಾತಿನ ಕೈಗೆ ಉಳಿದಿದೆ. ಆ ಒಂದು ಪಾಲಿನಲ್ಲಿ ನೋಡುವುದೂ ಕೌಟಿಲ್ಯ ಹೇಳಿದ ಆ ಮೂರನ್ನೇ. ನಿಮ್ಮ ವಿದ್ಯೆಯನ್ನು ಆಗಲೇ ಉತ್ತರಪತ್ರಿಕೆಯಲ್ಲಿ ಅಳೆದಾಗಿದೆ. ಆದ್ದರಿಂದ ಸಂದರ್ಶನದ ಹಿಂದಿನ ರಾತ್ರಿ ರಾಜಧಾನಿಗಳ ಪಟ್ಟಿ ಬಾಯಿಪಾಠ ಮಾಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ಮಂಡಳಿಯವರ ಮುಂದೆ ಇರುವುದು ನೀವೇ ತುಂಬಿದ ಅರ್ಜಿ. ಅದರ ಒಂದು ಪ್ರತಿ ಇಟ್ಟುಕೊಂಡು, ಒಂದೊಂದು ಸಾಲಿಗೂ ನಾಲ್ಕು ಪ್ರಶ್ನೆಗಳನ್ನು ನೀವೇ ಬರೆಯಿರಿ. ಹವ್ಯಾಸ ಓದು ಎಂದು ಬರೆದಿದ್ದರೆ ಕೊನೆಯದಾಗಿ ಓದಿದ್ದು ಯಾವುದು, ಅದರಲ್ಲಿ ಒಪ್ಪದ ಮಾತು ಯಾವುದು? ಊರು ಶಿರಾ ಎಂದಿದ್ದರೆ ಕೆರೆ ಯಾಕೆ ಬತ್ತಿತು, ಶೇಂಗಾ ಬೆಳೆದವನಿಗೆ ಏನು ಉಳಿಯುತ್ತದೆ? ಪದವಿಗೂ ಬೇಡುವ ಹುದ್ದೆಗೂ ಸಂಬಂಧವೇನು? ತಮ್ಮ ಊರಿನ ಬಗ್ಗೆ ಕಣ್ಣಾರೆ ಕಂಡು ಹೇಳುವವರಿಗೆ ಮಾತು ತಾನಾಗಿ ಬರುತ್ತದೆ.

ಪ್ರಾಗಲ್ಭ್ಯವೆಂದರೆ ಏರುದನಿಯಲ್ಲ. ತಿಳಿಯದಿದ್ದಾಗ ‘ಗೊತ್ತಿಲ್ಲ ಸರ್’ ಎಂದು ನೇರವಾಗಿ ಹೇಳುವುದೂ ಅದೇ. ಸದಸ್ಯರು ಒಪ್ಪದಿದ್ದರೆ ಕಾರಣ ಕೊಟ್ಟು ವಿನಯದಿಂದ ನಿಲ್ಲುವುದು, ಅವರ ಕಾರಣ ಸರಿಯೆನಿಸಿದರೆ ಬಿಟ್ಟುಕೊಡುವುದು, ಎರಡೂ ದಿಟ್ಟತನವೇ. ಇದು ಕನ್ನಡಿಯ ಮುಂದೆ ಬರುವುದಿಲ್ಲ. ಊರಿನ ಮೇಷ್ಟರು, ಬ್ಯಾಂಕಿನವರು, ಹಿರಿಯ ಗೆಳೆಯರು, ಹೀಗೆ ಮೂವರನ್ನು ಕೂರಿಸಿ ಪ್ರಶ್ನೆ ಕೇಳಿಸಿಕೊಳ್ಳಿ. ಮೊದಲ ದಿನ ನಾಚಿಕೆಯಾಗುತ್ತದೆ. ನಾಲ್ಕನೆಯ ದಿನ ಅವರ ಪ್ರಶ್ನೆಯನ್ನು ಕೊನೆಯವರೆಗೂ ಕೇಳಿಸಿಕೊಳ್ಳುವ ಅಭ್ಯಾಸ ಬಂದಿರುತ್ತದೆ. ಪ್ರತಿಭಾನಕ್ಕೆ ಅರ್ಧ ಬಲ ಕೇಳಿಸಿಕೊಳ್ಳುವುದರಿಂದ.

ಇಂಗ್ಲಿಷ್ ಬಾರದೆಂಬ ಕೊರಗು ಹಳ್ಳಿಯ ವಿದ್ಯಾರ್ಥಿಗಳಲ್ಲಿ ಹೆಚ್ಚು. 1979ರಿಂದ ಸಿವಿಲ್ ಸರ್ವಿಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ದಿಲ್ಲಿಯ ಸಂದರ್ಶನದಲ್ಲೂ ದುಭಾಷಿಯ ನೆರವಿನಿಂದ ಕನ್ನಡದಲ್ಲಿ ಉತ್ತರಿಸಬಹುದು. ಅರ್ಜಿಯಲ್ಲೇ ಭಾಷೆಯನ್ನು ನಮೂದಿಸಬೇಕಾದ್ದರಿಂದ ಈ ತೀರ್ಮಾನವನ್ನು ಕೊನೆಯ ಗಳಿಗೆಗೆ ಬಿಡಬೇಡಿ. ದುಭಾಷಿ ಇದ್ದಾಗ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದನ್ನು ರೂಢಿಸಿಕೊಳ್ಳಬೇಕು.

ಇನ್ನು ಶೀಲ, ದಕ್ಷತೆಗಳ ಮಾತು. ಅವಕ್ಕೆ ಇಂದಿಗೂ ಸಂದರ್ಶನದ ಹೊರಗೇ ಸಾಕ್ಷಿ ಹುಡುಕುತ್ತಾರೆ. ಪ್ರಾಂಶುಪಾಲರ ನಡತೆಯ ಪತ್ರ, ಊರಿಗೆ ಬಂದು ವಿಚಾರಿಸುವ ಪೊಲೀಸರು, ಇವರೆಲ್ಲ ಜೊತೆಯಲ್ಲಿದ್ದವರನ್ನು ಕೇಳುವ ಹಳೆಯ ಕ್ರಮದವರೇ. ಆಯ್ಕೆಯಾದ ಐ.ಎ.ಎಸ್. ಅಧಿಕಾರಿಯನ್ನೂ ಮೊದಲು ಪ್ರೊಬೇಷನ್ ಮೇಲೆ ಇಟ್ಟು, ಒಪ್ಪಿಸಿದ ಕೆಲಸದಲ್ಲಿ ನೋಡಿದ ಮೇಲೆಯೇ ನೌಕರಿ ಕಾಯಂ ಮಾಡುತ್ತಾರೆ.