ಪಿಟೀಲಿನ ಶ್ರುತಿವ್ಯವಸ್ಥೆ: ಒಂದು ಐತಿಹಾಸಿಕ ವಿವೇಚನೆ

ಪಿಟೀಲು ದಕ್ಷಿಣದೇಶದ ಸಂಗೀತಕ್ಕೆ ಬಂದ ಬಗೆಯನ್ನು ಕುರಿತು ವಿದ್ವಾಂಸರಲ್ಲಿ ಎರಡು ಪಕ್ಷಗಳುಂಟು. ಕಮಾನಿನಿಂದ ನುಡಿಸುವ ಪಿನಾಕೀವೀಣೆಯ ಲಕ್ಷಣವನ್ನು ಹದಿಮೂರನೆಯ ಶತಮಾನದ 'ಸಂಗೀತರತ್ನಾಕರ'ವೇ ಹೇಳಿರುವುದರಿಂದ ಈ ವಾದ್ಯವು ಮೂಲತಃ ನಮ್ಮದೇ ಎಂಬುದು ಒಂದು ಪಕ್ಷ. ಯೂರೋಪಿನವರಿಂದ ನಾವು ಎರವಲು ತಂದು ಹಾಗೆಯೇ ಇರಿಸಿಕೊಂಡ ವಸ್ತುವಿದು ಎಂಬುದು ಇನ್ನೊಂದು. ಇವರಿಬ್ಬರೂ ಗ್ರಂಥಗಳನ್ನೂ ದೇವಾಲಯದ ಶಿಲ್ಪಗಳನ್ನೂ ಸಾಕ್ಷ್ಯಕ್ಕೆ ಕರೆದಷ್ಟು ಆಸಕ್ತಿಯಿಂದ ವಾದ್ಯದ ತಂತಿಗಳನ್ನು ವಿಚಾರಿಸಿದಂತೆ ಕಾಣುವುದಿಲ್ಲ. ಪಿಟೀಲಿಗೆ ಶ್ರುತಿ ಕೂಡಿಸುವ ಕ್ರಮವೇ ಒಂದು ಚಾರಿತ್ರಿಕ ದಾಖಲೆಯೆಂದು ನಾವು ಭಾವಿಸುತ್ತೇವೆ.

ವಾದ್ಯದ ಒಡಲು ಯೂರೋಪಿನದೆಂಬುದು ನಿರ್ವಿವಾದ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1858) ಮದರಾಸಿನಲ್ಲಿ ಮಣಲಿ ಮೊದಲಿಯಾರರ ಆಶ್ರಯದಲ್ಲಿದ್ದಾಗ ಯೂರೋಪಿಯನ್ ಶಿಕ್ಷಕನೊಬ್ಬನಿಂದ ಇದನ್ನು ಕಲಿತರೆಂಬ ವೃತ್ತಾಂತವು ಅವರ ವಂಶದವರೇ ಆದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯ (1904) ಮೂಲಕ ನಮಗೆ ತಲಪಿದೆ. ತಂಜಾವೂರಿನ ವಡಿವೇಲುವಿಗೆ 1834ರಲ್ಲಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ದಂತದ ಪಿಟೀಲನ್ನು ಉಡುಗೊರೆಯಿತ್ತುದೂ ಪ್ರಸಿದ್ಧವಾಗಿದೆ. ಈ ವಡಿವೇಲು ಪಾದ್ರಿ ಶ್ವಾರ್ಟ್ಸ್ ಎಂಬುವನಲ್ಲಿ ಅಭ್ಯಾಸಮಾಡಿದನೆಂದು ಕೆಲವರು ಇಂದಿಗೂ ಬರೆಯುತ್ತಿರುವುದು ಮಾತ್ರ ಸೋಜಿಗ. ಶ್ವಾರ್ಟ್ಸ್ ಕಾಲವಾದದ್ದು 1798ರಲ್ಲಿ. ವಡಿವೇಲು ಹುಟ್ಟಿದ್ದು 1810ರಲ್ಲಿ!

ಯೂರೋಪಿನ ಪದ್ಧತಿಯಲ್ಲಿ ನಾಲ್ಕು ತಂತಿಗಳನ್ನು ಕೆಳಗಿನಿಂದ ಮೇಲಕ್ಕೆ ಜಿ, ಡಿ, ಎ, ಇ ಎಂಬ ಸ್ವರಗಳಿಗೆ ಕೂಡಿಸುತ್ತಾರೆ. ಒಂದೊಂದು ತಂತಿಯೂ ತನ್ನ ಕೆಳಗಿನದಕ್ಕೆ ಪಂಚಮವಾಗುತ್ತದೆ, ಅಂದರೆ 3:2ರ ಪ್ರಮಾಣದಲ್ಲಿರುತ್ತದೆ. ಮೂರು ಪಂಚಮಗಳು ಸೇರಿ ಕೆಳಗಿನ ತಂತಿಗೂ ಮೇಲಿನ ತಂತಿಗೂ ನಡುವೆ 27:8ರ ಅಂತರವಾಗುತ್ತದೆ. ನಮ್ಮ ವಾದಕರು ಕೂಡಿಸುವುದು ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ ಎಂದು. ಇಲ್ಲಿ ಮೊದಲ ಮತ್ತು ಕೊನೆಯ ಅಂತರಗಳು ಪಂಚಮವಾಗಿಯೇ ಉಳಿದು, ನಡುವಣದು ಮಾತ್ರ 4:3ರ ಮಧ್ಯಮವಾಗಿದೆ. ಒಟ್ಟು ಅಂತರ 3:1. ಯೂರೋಪಿನ ಶ್ರುತಿಯಲ್ಲಿರುವ ಪಿಟೀಲಿನ ಮೇಲಿನ ಎರಡು ತಂತಿಗಳನ್ನು ಒಂದೊಂದು ಪೂರ್ಣಸ್ವರದಷ್ಟು, ಅಂದರೆ 9:8ರಷ್ಟು, ಇಳಿಸಿದರೆ ನಮ್ಮ ವ್ಯವಸ್ಥೆ ದೊರೆಯುತ್ತದೆ. ಬಿರಟೆಗಳೆರಡರ ಅಲ್ಪ ತಿರುವು, ಅಷ್ಟೆ. ಆದರೆ ಆ ತಿರುವು ಏತಕ್ಕೆ ಬೇಕಾಯಿತು?

ಕೆಳಗಿನ ತಂತಿಯನ್ನು ಷಡ್ಜವೆಂದಿಟ್ಟುಕೊಂಡರೆ ಯೂರೋಪಿನ ಶ್ರುತಿಯಲ್ಲಿ ಮೇಲಿನ ಎರಡು ತಂತಿಗಳು ಚತುಶ್ಶ್ರುತಿ ರಿಷಭ ಮತ್ತು ಚತುಶ್ಶ್ರುತಿ ಧೈವತಗಳನ್ನು ನುಡಿಯುತ್ತವೆ. ಶಂಕರಾಭರಣದ ಸ್ವರಗಳಿಗೆ ಇದು ಬಾಧಕವಲ್ಲ. ಪಾಶ್ಚಾತ್ಯ ಮಟ್ಟುಗಳಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯವನ್ನು ಹೊಂದಿಸಿದ ನೊಟ್ಟುಸ್ವರಗಳನ್ನು ಹೀಗೆಯೇ ನುಡಿಸಬಹುದು. ಆದರೆ ಪುರಂದರದಾಸರು ಬಾಲಪಾಠಕ್ಕೆ ಆರಿಸಿಕೊಟ್ಟರೆಂದು ಸಂಪ್ರದಾಯವು ಹೇಳುವ ಮಾಯಾಮಾಳವಗೌಳವನ್ನು ಓದುಗರು ಇದೇ ಶ್ರುತಿಯಲ್ಲಿ ಪ್ರಯತ್ನಿಸಿ ನೋಡಲಿ. ಆ ರಾಗದ ರಿಷಭವೂ ಧೈವತವೂ ಶುದ್ಧ. ಬೆರಳು ಸೋಕದ ತಂತಿಗಳೆರಡೂ ರಾಗಕ್ಕೆ ಅನ್ಯವಾದ ಸ್ವರಗಳನ್ನೇ ಹೊರಡಿಸುತ್ತವೆ. ಆ ತಂತಿಗಳನ್ನು ಬರಿದಾಗಿ ಮುಟ್ಟದೆ ಬೆರಳಿನಿಂದಲೇ ನಿರ್ವಹಿಸಬಹುದಲ್ಲವೆಂದು ಆಕ್ಷೇಪಿಸಬಹುದು. ನಿರ್ವಹಿಸಬಹುದು, ಆದರೆ ಬರಿಯ ತಂತಿಯ ಅನುರಣನವನ್ನು ಕಳೆದುಕೊಂಡು ಗೆದ್ದುದೇನು?

ಇದಕ್ಕಿಂತ ಗಹನವಾದ ಕಾರಣ ಇನ್ನೊಂದಿದೆ. ಬರಿಯ ತಂತಿಯನ್ನು ಅಲುಗಿಸಲಾಗದು. ಗಮಕಕ್ಕೆ ಅಲ್ಲಿ ಎಡೆಯಿಲ್ಲ. ನಮ್ಮ ಸಪ್ತಸ್ವರಗಳಲ್ಲಿ ವಿಕೃತಿಯಿಲ್ಲದೆ ಅಚಲವಾಗಿರುವವು ಷಡ್ಜ ಪಂಚಮಗಳೆರಡೇ. ಚಲಿಸಲಾರದ ತಂತಿಗಳಿಗೆ ಚಲಿಸದ ಸ್ವರಗಳನ್ನೇ ವಹಿಸಿಕೊಟ್ಟು, ಚಲಿಸುವ ಐದನ್ನೂ ಬೆರಳಿಗೆ ಬಿಟ್ಟಿರುವುದು ಆಕಸ್ಮಿಕವಲ್ಲ. ಯೂರೋಪಿನ ಸಂಗೀತದಲ್ಲಿ ಆಧಾರಸ್ವರವು ಕೃತಿಯ ನಡುವೆ ಸ್ಥಳ ಬದಲಿಸುವುದರಿಂದ, ಯಾವುದೊಂದು ಸ್ವರಕ್ಕೂ ಪಕ್ಷಪಾತ ತೋರದ ಸಮಾನಾಂತರದ ಶ್ರುತಿ ಅವರಿಗೆ ಅನುಕೂಲ. ಆಧಾರಷಡ್ಜವನ್ನು ಕಛೇರಿ ಮುಗಿಯುವವರೆಗೆ ಕದಲಿಸದ ನಮಗೆ ಅದರ ಅಗತ್ಯವಿಲ್ಲ. ಜೊತೆಗೆ, ಕೆಳಗಿನೆರಡು ತಂತಿಗಳ ಮೇಲಿನ ಬೆರಳುಗಾರಿಕೆಯೇ ಮೇಲಿನೆರಡರ ಮೇಲೆ ಒಂದು ಸ್ಥಾಯಿ ಎತ್ತರದಲ್ಲಿ ಪುನರಾವೃತ್ತವಾಗುತ್ತದೆ.

ಈ ವ್ಯವಸ್ಥೆಯ ಮಾದರಿ ಎಲ್ಲಿಯದು? ವೀಣೆಯ ಕಡೆ ನೋಡಬೇಕು. ವೀಣೆಯ ನಾಲ್ಕು ತಂತಿಗಳು ಮೇಲಿನಿಂದ ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಅಂದರೆ ಮಧ್ಯ ಷಡ್ಜ, ಮಂದ್ರ ಪಂಚಮ, ಮಂದ್ರ ಷಡ್ಜ, ಅನುಮಂದ್ರ ಪಂಚಮ. ಪಿಟೀಲಿನ ಕೆಳಗಿನ ಮೂರು ತಂತಿಗಳು ಇವುಗಳಲ್ಲಿ ಮೊದಲಿನ ಮೂರೇ ಆಗಿವೆ. ಅನುಮಂದ್ರವನ್ನು ಬಿಟ್ಟು ಮೇಲೆ ಒಂದು ಪಂಚಮವನ್ನು ಸೇರಿಸಿದಂತಾಯಿತು. ಬಾಲುಸ್ವಾಮಿ ದೀಕ್ಷಿತರದು ವೈಣಿಕರ ಮನೆತನವೆಂಬುದನ್ನು ನೆನೆದರೆ ಈ ಸಾಮ್ಯದ ಬೆಲೆ ಹೆಚ್ಚುತ್ತದೆ. ಆದುದರಿಂದ ಪಿಟೀಲು ಪರದೇಶದ್ದೆಂಬ ಪಕ್ಷವು ಮರದ ಮಟ್ಟಿಗೆ ಸರಿ. ಹಾಗೆಯೇ ಇರಿಸಿಕೊಂಡೆವೆಂಬುದು ಸರಿಯಲ್ಲ. ಪಿನಾಕೀವೀಣೆಯ ವಂಶಾವಳಿಯನ್ನು ಎಳೆತಂದು ಜೋಡಿಸುವುದೂ ಬೇಕಿಲ್ಲ.

ಇಲ್ಲೊಂದು ಮಾತು ಪ್ರಸಂಗವಶಾತ್. ಶ್ರುತಿಯನ್ನು ಬದಲಿಸುವುದು ಯೂರೋಪಿಗೂ ಅಪರಿಚಿತವಾಗಿರಲಿಲ್ಲ. ಹದಿನೇಳನೆಯ ಶತಮಾನದ ಬೀಬರ್ ತನ್ನ ಜಪಮಾಲೆಯ ಸೊನಾಟಾಗಳಲ್ಲಿ ಮೊದಲ ಹಾಗೂ ಕೊನೆಯ ರಚನೆಗಳನ್ನುಳಿದು ಮಿಕ್ಕ ಹದಿನಾಲ್ಕಕ್ಕೂ ಬೇರೆಬೇರೆ ಶ್ರುತಿಗಳನ್ನು ವಿಧಿಸಿದ್ದಾನೆ. ಹನ್ನೊಂದನೆಯದರಲ್ಲಿ ನಡುವಣ ತಂತಿಗಳೆರಡನ್ನು ಅಡ್ಡಹಾಯಿಸಿ ಅವನು ಪಡೆದ ನಾಲ್ಕು ಸ್ವರಗಳು, ಜಿಯನ್ನು ಷಡ್ಜವೆಂದರೆ, ನಮ್ಮ ಸ-ಪ-ಸ-ಪಗಳೇ! ಸಂಬಂಧವೇನೂ ಇಲ್ಲ, ಅಲ್ಲಿ ಅದು ಒಂದು ಕೃತಿಯ ವಿಶೇಷ, ಇಲ್ಲಿ ಅದು ನಿತ್ಯದ ವ್ಯವಸ್ಥೆ.

ಶ್ರುತಿಯ ಎತ್ತರವನ್ನು ನಿರ್ಣಯಿಸುವವರಲ್ಲಿಯೂ ಭೇದವಿದೆ. ಫ್ರಾನ್ಸ್ ದೇಶವು 1859ರಲ್ಲಿ ಎ ಸ್ವರವನ್ನು ಸೆಕೆಂಡಿಗೆ 435 ಕಂಪನಗಳೆಂದು ಶಾಸನಬದ್ಧಗೊಳಿಸಿತು. 1939ರ ಲಂಡನ್ ಸಮ್ಮೇಳನವು 440ನ್ನು ಆರಿಸಿತು. ಇಲ್ಲಿ ನಿರ್ಣಯಿಸುವುದು ಗಾಯಕನ ಕಂಠ. ತಂಬೂರಿಯಿಂದ ಮಧ್ಯ ಷಡ್ಜವನ್ನು ಎರಡನೆಯ ತಂತಿಗೆ ಕೊಟ್ಟು, ಅದನ್ನೂ ಮೊದಲನೆಯದನ್ನೂ ಒಟ್ಟಿಗೆ ಕಮಾನಿನಿಂದ ಎಳೆದು, ನಾದದ ಅಲುಗಾಟವಡಗುವವರೆಗೆ ಬಿರಟೆಯನ್ನು ಹೊಂದಿಸಬೇಕು. ಬಳಿಕ ಮೂರನೆಯದು, ನಾಲ್ಕನೆಯದು. ಕೊನೆಗೆ ಎರಡು ಷಡ್ಜಗಳೂ ಎರಡು ಪಂಚಮಗಳೂ ಒಂದನ್ನೊಂದು ಒಪ್ಪುವುವೇ ಎಂದು ಪರೀಕ್ಷಿಸಬೇಕು.

ಈ ಲಾಭಕ್ಕೆ ತೆತ್ತ ಬೆಲೆಯೂ ಉಂಟು. ಪುರುಷಕಂಠದ ಶ್ರುತಿಗೆ ಹೊಂದಿಸುವಾಗ ಎಲ್ಲ ತಂತಿಗಳೂ ಇನ್ನಷ್ಟು ಸಡಿಲಬೇಕಾಗುತ್ತದೆ. ಬಿಗಿ ತಗ್ಗಿದಂತೆ ನಾದದ ಬಲವೂ ತಗ್ಗುತ್ತದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ದೊಡ್ಡ ಸಭೆಗಳ ಹಿಂದಣ ಸಾಲುಗಳಿಗೆ ಪಿಟೀಲು ಕೇಳಿಸುತ್ತಿರಲಿಲ್ಲವೆಂಬ ಕೊರತೆಯನ್ನು ಮನಗಂಡವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದ ಟಿ. ಚೌಡಯ್ಯನವರು (1895–1967). ನಾಲ್ಕು ತಂತಿಗಳ ಜೊತೆಗೆ ಮತ್ತೆ ಮೂರನ್ನು ಕೂಡಿಸಿ ಅವರು ಏಳು ತಂತಿಯ ಪಿಟೀಲನ್ನು ರೂಢಿಸಿದರು. ಏಳನ್ನೂ ಶ್ರುತಿಯಲ್ಲಿ ನಿಲ್ಲಿಸುವ ಶ್ರಮವು ಸಾಮಾನ್ಯರಿಗೆ ಸಾಧ್ಯವಾದುದಲ್ಲ. ಧ್ವನಿವರ್ಧಕವು ಬಂದಮೇಲೆ ಬಹುಪಾಲು ವಾದಕರು ನಾಲ್ಕು ತಂತಿಗಳಲ್ಲಿಯೇ ಉಳಿದರು.