‘ಸಾಕು’ ಎಂಬ ಮಾತಿನ ಹಳೆಯ ದಾರಿ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೇ ಹಂಗಳ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿ ಬಲಕ್ಕೆ ತಿರುಗುತ್ತಾರೆ, ಬಂಡೀಪುರಕ್ಕೆ ಹೋಗುವವರು ನೇರ ಹೋಗುತ್ತಾರೆ. ಮಳೆಗಾಲದಲ್ಲಿ ಚೆಂಡು ಹೂವು, ಸೂರ್ಯಕಾಂತಿಯ ಹೊಲಗಳ ಬದಿಯಲ್ಲಿ ಕೇರಳದ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ. ಫೋಟೋದಲ್ಲಿ ಹೂವು ಬರುತ್ತದೆ, ಬೆಳಗಿನಿಂದ ಬಗ್ಗಿ ಹೂವು ಬಿಡಿಸುವ ಹೆಂಗಸರು ಬರುವುದಿಲ್ಲ.

ಅಂಥ ಒಬ್ಬ ಹೆಂಗಸಿಗೆ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು ಎಂದುಕೊಳ್ಳಿ. ಗಂಟಿಗೆ ನೋವಿಲ್ಲ. ನೋವಿಲ್ಲದ್ದನ್ನು ಯಾರಿಗೆ ಹೇಳುವುದು? ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎಂದು ದಿನ ದೂಡಿದ ಮೇಲೆ ಗುಂಡ್ಲುಪೇಟೆಯ ಆಸ್ಪತ್ರೆ, ಅಲ್ಲಿಂದ ಚಾಮರಾಜನಗರ ಅಥವಾ ಮೈಸೂರು, ಕೊನೆಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ ಅದು. ಊರಿನಲ್ಲಿ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ‘ಆ ಕಾಯಿಲೆ’ ಎಂದರೆ ತಿಳಿಯುತ್ತದೆ. ಕೀಮೋ ಎಂದರೆ ‘ಬಾಟ್ಲಿ ಹಾಕೋದು’, ವಿಕಿರಣ ಚಿಕಿತ್ಸೆ ಎಂದರೆ ‘ಕರೆಂಟ್ ಕೊಡೋದು’. ಆರು ಬಾಟ್ಲಿಯಲ್ಲಿ ಮೂರು ಹಾಕಿಸಿಕೊಂಡು ನಾಲ್ಕನೆಯದಕ್ಕೆ ಹೋಗದೆ ಉಳಿದವರನ್ನು ಆಸ್ಪತ್ರೆಯ ದಾಖಲೆ ‘ಚಿಕಿತ್ಸೆ ಬಿಟ್ಟವರು’ ಎಂಬ ಒಂದೇ ಸಾಲಿಗೆ ಸೇರಿಸುತ್ತದೆ. ಕನ್ನಡದಲ್ಲಿ ‘ನಿಲ್ಲಿಸಿದಳು’ ಬೇರೆ, ‘ನಿಂತುಹೋಯಿತು’ ಬೇರೆ. ಮೊದಲನೆಯದು ತೀರ್ಮಾನ. ಎರಡನೆಯದು ಬಸ್ ಚಾರ್ಜು, ಕೂಲಿ, ನೋಡಿಕೊಳ್ಳುವವರಿಲ್ಲದ ಮನೆ. ದಾಖಲೆಗೆ ಗೊತ್ತಿಲ್ಲದ ಈ ವ್ಯತ್ಯಾಸ ಈ ಸೀಮೆಗೆ ಹೊಸದಲ್ಲ.

ಹಂಗಳಕ್ಕೆ ಮೈಸೂರಿನ ಚರಿತ್ರೆಯಲ್ಲೊಂದು ಸಣ್ಣ ಜಾಗವಿದೆ. 1673ರಲ್ಲಿ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೂ ಮೊದಲಿನ ವರ್ಷಗಳನ್ನು ಇಲ್ಲಿ ಒಂದು ಬಗೆಯ ಕಾವಲಿನಲ್ಲಿ ಕಳೆದರು. ಆ ದಿನಗಳ ಜೊತೆಗಾರರಲ್ಲಿ ಒಬ್ಬರು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತರು, ಮುಂದೆ ಮಂತ್ರಿಯಾದವರು. ಆ ಕಾಲಕ್ಕೆ ಈ ಸೀಮೆಯ ಜೈನರು ಮೂಲೆಗುಂಪಾಗಿರಲಿಲ್ಲ ಎನ್ನುವುದಕ್ಕೆ ಈ ಹೆಸರೊಂದೇ ಸಾಕು. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿ ಜೈನರ ಕನಕಗಿರಿ ಬೆಟ್ಟ ಇಂದಿಗೂ ಇದೆ. ಜೈನಾಚಾರ್ಯ ಪೂಜ್ಯಪಾದರು ಇಲ್ಲಿದ್ದರೆಂದು ಪರಂಪರೆ ಹೇಳುತ್ತದೆ. ವ್ಯಾಕರಣದ ಜೊತೆಗೆ ವೈದ್ಯವೂ ಅವರ ಹೆಸರಿಗೆ ಅಂಟಿಕೊಂಡಿದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಕನ್ನಡಕ್ಕೆ ತಂದ ‘ಕಲ್ಯಾಣಕಾರಕ’ದ ಮೂಲ ಅವರದೇ ಎನ್ನುತ್ತಾರೆ. ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟವರ ನೆನಪಿನ ಗುರುತುಗಳೂ ಅದೇ ಬೆಟ್ಟದಲ್ಲಿವೆ. ಮದ್ದು ಕೊಡುವ ವಿದ್ಯೆ, ಮದ್ದು ಮುಗಿದ ಮೇಲಿನ ವಿದ್ಯೆ, ಎರಡಕ್ಕೂ ಒಂದೇ ಬೆಟ್ಟ.

ಸಲ್ಲೇಖನವನ್ನು ಉಪವಾಸದ ಸಾವು ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಅದರ ಕಟ್ಟಳೆಯನ್ನು ಓದಿರುವುದಿಲ್ಲ. ಜೈನಾಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಅದಕ್ಕೆ ನಾಲ್ಕು ಸಂದರ್ಭಗಳನ್ನು ಮಾತ್ರ ಒಪ್ಪುತ್ತದೆ: ತಪ್ಪಿಸಿಕೊಳ್ಳಲಾಗದ ಉಪಸರ್ಗ (ವಿಪತ್ತು), ಬರಗಾಲ, ಮುಪ್ಪು, ರೋಗ. ನಾಲ್ಕಕ್ಕೂ ಒಂದೇ ಷರತ್ತು, ಪ್ರತೀಕಾರ (ಪರಿಹಾರ) ಇರಬಾರದು. ಅಂದರೆ ಮದ್ದಿದ್ದರೆ ‘ಸಾಕು’ ಎನ್ನುವಂತಿಲ್ಲ.

ಇನ್ನೊಂದು ಸ್ವಾರಸ್ಯ ಇದಕ್ಕಿಂತ ದೊಡ್ಡದು. ಈ ನಿಯಮ ಬರೆದ ಸಮಂತಭದ್ರರಿಗೇ ಭಸ್ಮಕ ವ್ಯಾಧಿ ಬಂತು ಎಂಬ ಕಥೆಯಿದೆ. ತಿಂದದ್ದೆಲ್ಲ ಬೂದಿಯಾಗುವ, ಎಷ್ಟು ತಿಂದರೂ ತೀರದ ಹಸಿವು. ಮಲೆಯೂರಿನವರೇ ಆದ ದೇವಚಂದ್ರ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದ ‘ರಾಜಾವಳಿ ಕಥೆ’ಯಲ್ಲಿ ಇದು ಬರುತ್ತದೆ. ಮುನಿ ಗುರುವಿನ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡುತ್ತಾರೆ. ಗುರು ಕೊಡುವುದಿಲ್ಲ. ನಿನ್ನಿಂದ ಆಗಬೇಕಾದ ಕೆಲಸ ಬಹಳ ಇದೆ, ಹೇಗಾದರೂ ರೋಗ ಕಳೆದುಕೊಂಡು ಬಾ, ಮತ್ತೆ ದೀಕ್ಷೆ ಕೊಡುತ್ತೇನೆ ಎಂಬುದು ಅವರ ಉತ್ತರದ ಸಾರ. ಸಮಂತಭದ್ರರು ಮುನಿವೇಷ ಕಳಚಿ, ಶಿವಾಲಯವೊಂದರಲ್ಲಿ ದೇವರ ನೈವೇದ್ಯಕ್ಕೆ ಬರುತ್ತಿದ್ದ ರಾಶಿ ಅನ್ನವನ್ನು ಬಾಗಿಲು ಹಾಕಿಕೊಂಡು ತಾವೇ ಉಂಡು ವಾಸಿಯಾದರಂತೆ. ಅಂದರೆ ಅವರು ತಡೆಹಿಡಿದದ್ದು ವ್ರತವನ್ನು, ಚಿಕಿತ್ಸೆಯನ್ನಲ್ಲ. ಕಥೆ ನಿಜವೋ ಸುಳ್ಳೋ, ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿಯೂ ಆ ಭಸ್ಮಕದ ಪ್ರಸ್ತಾಪವಿದೆ. ಒಂಬೈನೂರು ವರ್ಷದ ಹಿಂದೆಯೇ ಮನೆಮಾತಾಗಿದ್ದ ಕಥೆ ಇದು.

ಕಟ್ಟಳೆ ಇದ್ದಲ್ಲಿ ಸಡಿಲಿಕೆಯೂ ಇರುತ್ತದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಸಲ್ಲೇಖನ ಕೈಗೊಂಡಳು. ಅವಳನ್ನು ಅಲ್ಲಿಗೆ ಕರೆದೊಯ್ದದ್ದು ಮಗಳ ಸಾವು. ಅದಕ್ಕೆ ಪ್ರತೀಕಾರವಿಲ್ಲ ಎಂದು ಗುರುಗಳು ಒಪ್ಪಿರಬೇಕು. ಆದರೆ ಹೊರಟವರನ್ನು ಒಂಟಿಯಾಗಿ ಬಿಡುತ್ತಿರಲಿಲ್ಲ. ‘ಭಗವತೀ ಆರಾಧನಾ’ ಗ್ರಂಥದಲ್ಲಿ, ನಮ್ಮ ‘ವಡ್ಡಾರಾಧನೆ’ಯ ಕಥೆಗಳಿಗೆ ಬೇರಾದ ಗ್ರಂಥದಲ್ಲಿ, ಸಾಯುತ್ತಿರುವ ಒಬ್ಬ ಮುನಿಗೆ ನಲವತ್ತೆಂಟು ಜನ ನಿರ್ಯಾಪಕರನ್ನು, ಅಂದರೆ ಜೊತೆಗಿದ್ದು ನೋಡಿಕೊಳ್ಳುವವರನ್ನು, ಹೇಳಿದೆ. ಮಗ್ಗುಲು ಬದಲಿಸುವವರು ಬೇರೆ, ಕಥೆ ಹೇಳುವವರು ಬೇರೆ, ಬಾಗಿಲು ಕಾಯುವವರು ಬೇರೆ. ಇಂದಿನ ಯಾವ ವಾರ್ಡಿನಲ್ಲಾದರೂ ಒಬ್ಬ ರೋಗಿಗೆ ಅಷ್ಟು ಜನ ಸಿಕ್ಕರೆ ಪುಣ್ಯ.

ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ಕೀಮೋ ಬೇಡ ಎನ್ನುವ ಹೆಂಗಸು ಅನ್ನ ಬೇಡ ಎನ್ನುತ್ತಿಲ್ಲ, ಸಾಯುತ್ತೇನೆ ಎಂದೂ ಹೇಳುತ್ತಿಲ್ಲ. ನಾಲ್ಕು ದಿನ ಬಾಯಿಗೆ ರುಚಿ ಹತ್ತಲಿ, ಮೊಮ್ಮಗಳ ಮದುವೆಯಲ್ಲಿ ಕೂತು ಊಟ ಮಾಡುವಂತಾಗಲಿ ಎನ್ನುವುದಷ್ಟೇ ಅವಳ ಲೆಕ್ಕವಿರಬಹುದು.

ಆಧುನಿಕ ವೈದ್ಯಕ್ಕೆ ‘ಸಾಕು’ ಎಂಬ ಪದ ತಡವಾಗಿ ಬಂತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಮಾಂಸಖಂಡ, ಕಂಕುಳಿನ ಗ್ರಂಥಿ ಎಲ್ಲವನ್ನೂ ಬುಡಸಮೇತ ತೆಗೆಯುತ್ತಿದ್ದರು. ಹೆಚ್ಚು ಕತ್ತರಿಸಿದಷ್ಟೂ ಗುಣ ಹೆಚ್ಚು ಎಂಬ ಆ ನಂಬಿಕೆ ಮುಕ್ಕಾಲು ಶತಮಾನ ನಡೆಯಿತು. ತೋಳು ಊದಿಕೊಂಡು ಕೈ ಎತ್ತಲಾಗದ ಹೆಂಗಸರು ಬೆಲೆ ತೆತ್ತರು. ಬರ್ನಾರ್ಡ್ ಫಿಶರ್ 1971ರಲ್ಲಿ ಶುರುಮಾಡಿದ ಪ್ರಯೋಗಗಳಿಂದ, 1985ರ ಹೊತ್ತಿಗೆ, ಎಷ್ಟೋ ಮಂದಿಗೆ ಗಂಟನ್ನಷ್ಟೇ ತೆಗೆದು ಕರೆಂಟ್ ಕೊಟ್ಟರೂ ಆಯುಸ್ಸು ಅಷ್ಟೇ ಎಂದು ಗೊತ್ತಾಯಿತು. ಚಿಕಿತ್ಸೆ ಕಡಿಮೆ ಮಾಡುವುದು ಸೋಲಲ್ಲ ಎಂಬ ಮಾತು ಈ ಕಾಯಿಲೆಯಲ್ಲಿ ಲೆಕ್ಕದ ಮೂಲಕವೇ ಸಾಬೀತಾಯಿತು.

ಹಂಗಳದವರಿಗೆ ಆ ದಶಕಗಳಲ್ಲಿ ಹೆಚ್ಚು-ಕಡಿಮೆಯ ಪ್ರಶ್ನೆಯೇ ಇರಲಿಲ್ಲ, ಆಸ್ಪತ್ರೆಗಳೇ ದೂರದಲ್ಲಿ ಒಂದೊಂದಾಗಿ ಬರುತ್ತಿದ್ದವು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆಯಿತು. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ಮದರಾಸಿನ ಅಡ್ಯಾರಿನಲ್ಲಿ ಹನ್ನೆರಡು ಹಾಸಿಗೆಯ ಆಸ್ಪತ್ರೆ ಶುರುಮಾಡಿದರು. ಬೆಂಗಳೂರಿಗೆ ಕಿದ್ವಾಯಿ ಬಂದದ್ದು 1973ರಲ್ಲಿ. 1980ರಲ್ಲಿ ಅದು ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. 1982ರಿಂದ ಅಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಆರಂಭದ ವರ್ಷಗಳಲ್ಲಿ ಹೆಂಗಸರ ಪಟ್ಟಿಯ ತುದಿಯಲ್ಲಿದ್ದದ್ದು ಗರ್ಭಕೊರಳಿನ ಕ್ಯಾನ್ಸರ್. ಮುಂದೆ ಸ್ತನ ಕ್ಯಾನ್ಸರ್ ಅದನ್ನು ಹಿಂದಿಕ್ಕಿತು.

ಸ್ತನ ಕ್ಯಾನ್ಸರ್ ಎನ್ನುವುದೂ ಒಂದೇ ಕಾಯಿಲೆಯಲ್ಲ. ಹಾರ್ಮೋನಿಗೆ ಬಗ್ಗುವ ಜಾತಿಗೆ ವರ್ಷಗಟ್ಟಲೆ ನುಂಗುವ ಮಾತ್ರೆ ಇದೆ. ‘ಟ್ರಿಪಲ್ ನೆಗೆಟಿವ್’ ಎನ್ನುವ ಉಗ್ರ ಜಾತಿಗೆ ಆ ಮಾತ್ರೆ ನಾಟುವುದಿಲ್ಲ, ಅದು ಬೇಗ ಹರಡುತ್ತದೆ, ಮುಖ್ಯ ಆಯುಧ ಇಂದಿಗೂ ಕೀಮೋ. ಪಶ್ಚಿಮದ ದೇಶಗಳಿಗಿಂತ ಭಾರತದ ರೋಗಿಗಳಲ್ಲಿ ಇದರ ಪಾಲು ಹೆಚ್ಚು, ವಯಸ್ಸೂ ಚಿಕ್ಕದು. ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕಾಯಿಲೆ ಎದೆ, ಕಂಕುಳು ದಾಟಿಲ್ಲದಿದ್ದರೆ, ವಾಸಿಯ ದಾರಿ ತೆರೆದಿದ್ದರೆ, ನಡುವೆ ಬಿಡುವುದು ಅಪಾಯ. ಸಮಂತಭದ್ರರ ಗುರು ಅಪ್ಪಣೆ ಕೊಡದೆ ಕಳಿಸುತ್ತಿದ್ದ ಸಂದರ್ಭ ಅದು. ಶ್ವಾಸಕೋಶಕ್ಕೋ ಪಿತ್ತಜನಕಾಂಗಕ್ಕೋ ಮೂಳೆಗೋ ಹರಡಿದ ಮೇಲಿನ ಲೆಕ್ಕವೇ ಬೇರೆ. ಆಗ ಕೀಮೋ ಕೊಡುವುದು ಗುಣಕ್ಕಲ್ಲ, ಕಾಲಕ್ಕೆ. ಆ ಕಾಲ ಹೇಗಿರಬೇಕು ಎಂದು ಕೇಳುವ ಹಕ್ಕು ಅದನ್ನು ಬದುಕುವವಳದು. ರಕ್ತದ ಎಣಿಕೆ ಕುಸಿದಾಗ, ಕೈಕಾಲು ಜೋಮು ಹಿಡಿದಾಗ ವೈದ್ಯರೇ ‘ಸ್ವಲ್ಪ ಗ್ಯಾಪ್ ಕೊಡೋಣ’ ಎನ್ನುವುದುಂಟು. ಅದೇ ಮಾತು ರೋಗಿಯ ಬಾಯಲ್ಲಿ ಬಂದರೆ ಮಾತ್ರ ಮನೆಯವರೆಲ್ಲ ಮೇಲೆ ಬೀಳುತ್ತಾರೆ.

ನಿಲ್ಲಿಸಿದ ಮೇಲೆ ಏನು ಎಂಬುದಕ್ಕೆ ಉತ್ತರ ಲಂಡನ್ನಿನಲ್ಲಿ 1967ರಲ್ಲಿ ಸಿಕ್ಕಿತು. ಸಿಸಿಲಿ ಸಾಂಡರ್ಸ್ ಅಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆಯ ಮನೆ, ತೆರೆದರು. ಭಾರತದ ಮೊದಲನೆಯದು ಮುಂಬೈನ ಶಾಂತಿ ಅವೇದನಾ ಸದನ, 1986ರಲ್ಲಿ. ಬೆಂಗಳೂರಿನ ಕರುಣಾಶ್ರಯ 1994ರಲ್ಲಿ ಟ್ರಸ್ಟ್ ಆಗಿ ಹುಟ್ಟಿ 1999ರಿಂದ ರೋಗಿಗಳನ್ನು ಸೇರಿಸಿಕೊಳ್ಳತೊಡಗಿತು, ಆರೈಕೆ ಉಚಿತ. ಈ ನಡುವೆ 1985ರ ಮಾದಕವಸ್ತು ಕಾಯ್ದೆ ನೋವು ನಿವಾರಕ ಮಾರ್ಫಿನನ್ನು ಕಳ್ಳಸಾಗಣೆಯ ಸರಕಿನ ಜೊತೆ ಕಟ್ಟಿಹಾಕಿತ್ತು. ಪೆಟ್ಟಿಗೆಗೆ ಬೀಗ ಹಾಕಿದ್ದು ಅಫೀಮು ಮಾರುವವರ ಭಯಕ್ಕೆ, ನರಳಿದ್ದು ಮೂಳೆ ನೋವಿನವರು. ಕಾಯ್ದೆ ಸಡಿಲವಾಗಲು 2014ರವರೆಗೆ ಕಾಯಬೇಕಾಯಿತು.

ಗುಂಡ್ಲುಪೇಟೆಯಿಂದ ಇನ್ನೊಂದು ರಸ್ತೆ ಮುತ್ತಂಗದ ಕಾಡು ದಾಟಿ ವಯನಾಡಿಗೆ ಇಳಿಯುತ್ತದೆ. ಆ ಕಡೆಯವರ ಚರಿತ್ರೆ ಬೇರೆಯೇ. 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಕಟ್ಟಿದ ನೋವು ಶಮನದ ಸಂಘ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರವೇ ಅದಕ್ಕೊಂದು ನೀತಿ ರೂಪಿಸಿತು. ದಾದಿ ಮನೆ ಬಾಗಿಲಿಗೆ ಬರುವುದು ಅಲ್ಲಿ ಹೊಸ ಸುದ್ದಿಯಲ್ಲ. ಹಂಗಳದ ಹೂವು ಓಣಂಗೆ ಗಡಿ ದಾಟುತ್ತದೆ, ಆ ಏರ್ಪಾಡು ಇತ್ತ ಅಷ್ಟು ಸಲೀಸಾಗಿ ದಾಟಲಿಲ್ಲ.

ಹಾಸ್ಪಿಸ್ ಎಂದರೆ ಕೈಚೆಲ್ಲುವುದು ಎಂಬ ಗುಮಾನಿಗೆ 2010ರ ಅಮೆರಿಕದ ಅಧ್ಯಯನವೊಂದು ಪೆಟ್ಟು ಕೊಟ್ಟಿತು. ಅದು ಶ್ವಾಸಕೋಶದ ಕ್ಯಾನ್ಸರಿನದು, ಸ್ತನದ್ದಲ್ಲ, ಆದರೂ ನೆನಪಿಡಬೇಕಾದದ್ದು. ಮೊದಲಿನಿಂದಲೇ ಉಪಶಾಮಕ ಆರೈಕೆ ಪಡೆದವರು ಕೊನೆಯ ದಿನಗಳಲ್ಲಿ ಕಡಿಮೆ ಉಗ್ರ ಚಿಕಿತ್ಸೆ ತೆಗೆದುಕೊಂಡರು, ಹಾಗಿದ್ದೂ ಮಧ್ಯಾಂಕದ ಲೆಕ್ಕದಲ್ಲಿ 11.6 ತಿಂಗಳು ಬದುಕಿದರು. ಉಳಿದವರದು 8.9 ತಿಂಗಳು.

ಕನ್ನಡದಲ್ಲಿ ಈ ಮಾತು ಹೊಸ್ತಿಲು ದಾಟಿ ಹೊರಬಂದದ್ದು ಇತ್ತೀಚೆಗೆ. ಬಿ.ವಿ. ಭಾರತಿ ತಮ್ಮ ಸ್ತನ ಕ್ಯಾನ್ಸರಿನ ದಿನಗಳನ್ನು ‘ಸಾಸಿವೆ ತಂದವಳು’ ಪುಸ್ತಕದಲ್ಲಿ ಬರೆದರು. ನ್ಯಾಯಾಲಯದ ದಾರಿಯಲ್ಲೂ ಕನ್ನಡ ನಾಡಿನ ಹೆಣ್ಣುಮಕ್ಕಳಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ಪ್ರಶ್ನೆಯನ್ನು ಎತ್ತಿಕೊಂಡದ್ದು ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿದ್ದ ನರ್ಸ್ ಅರುಣಾ ಶಾನಭಾಗ್ ಪ್ರಕರಣದಲ್ಲಿ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ವರ್ಷಾನುಗಟ್ಟಲೆ ಹೋರಾಡಿದರು. 2018ರ ಮಾರ್ಚ್ 9ರಂದು ಕೋರ್ಟ್ ಮುಂಗಡ ವೈದ್ಯಕೀಯ ಇಚ್ಛಾಪತ್ರವನ್ನು ಮಾನ್ಯಮಾಡಿತು, 2023ರಲ್ಲಿ ವಿಧಾನ ಸರಳಗೊಳಿಸಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು.

ಈ ಹಕ್ಕಿನಲ್ಲೊಂದು ಅಪಾಯವೂ ಅಡಗಿದೆ. ನಮ್ಮ ಮನೆಗಳಲ್ಲಿ ಹೆಂಗಸಿನ ಪರವಾಗಿ ‘ಸಾಕು’ ಎನ್ನಲು ಗಂಡ, ಮಗ, ಮೈದುನ ಎಲ್ಲರೂ ಸಿದ್ಧರಿರುತ್ತಾರೆ, ಸಾಲ ಬೆಳೆದಾಗಲಂತೂ ಇನ್ನೂ ಬೇಗ. ಎಷ್ಟೋ ಕಡೆ ಅವಳಿಗೆ ಕಾಯಿಲೆಯ ಹೆಸರನ್ನೇ ಹೇಳಿರುವುದಿಲ್ಲ. ಹೆಸರು ಗೊತ್ತಿಲ್ಲದವಳು ನಿಲ್ಲಿಸಿದಳು ಎಂದರೆ ಅದು ಸುಳ್ಳು ಲೆಕ್ಕ.

ಪ್ರಜ್ಞೆ ಇರುವ ವಯಸ್ಕಳು ಕೀಮೋ ಬೇಡ ಎನ್ನಲು, ಒಂದು ತಿಂಗಳು ತಡೆಯಿರಿ ಎನ್ನಲು ಯಾವ ಕೋರ್ಟಿನ ಕಾಗದವೂ ಬೇಕಿಲ್ಲ, ವೈದ್ಯರ ಎದುರು ಹೇಳಿದರಾಯಿತು. ಮಾತು ನಿಂತುಹೋದ ದಿನಕ್ಕೆ ಮಾತ್ರ ಇಚ್ಛಾಪತ್ರ. ತನ್ನ ಪರವಾಗಿ ತೀರ್ಮಾನಿಸುವವರು ಯಾರು ಎಂದು ಅದರಲ್ಲಿ ಅವಳೇ ಹೆಸರಿಸಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಅದರ ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಯ ವಶಕ್ಕೆ ಹೋಗಬೇಕು. ಹಂಗಳದವರಿಗೆ ಅದು ಊರೊಳಗಿನ ಗ್ರಾಮ ಪಂಚಾಯಿತಿ ಕಚೇರಿ.