ಕ್ರಿಸ್ಟೆಗಳ ಮೂಲ

ಮೈಟೊಕಾಂಡ್ರಿಯದ ಒಳಪೊರೆ ಮಡಿಚಿಕೊಂಡು ಉಂಟಾಗುವ ಮಡಿಕೆಗಳೇ ಕ್ರಿಸ್ಟೆಗಳು. ಉಸಿರಾಟದ ಕಿಣ್ವಗಳೂ ಎಟಿಪಿ ತಯಾರಿಸುವ ಕಿಣ್ವವೂ ನೆಲೆಸಿರುವುದು ಇಲ್ಲಿ. 1950ರ ದಶಕದ ಆರಂಭದಲ್ಲಿ ಜಾರ್ಜ್ ಪಲಾಡೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇವನ್ನು ಕಂಡು ಹೆಸರಿಟ್ಟರು. ಅದೇ ಹೊತ್ತಿಗೆ, 1952ರಲ್ಲಿ, ಷಾಕ್ಮನ್, ಪಾರ್ಡೀ ಮತ್ತು ಸ್ಟೇನಿಯರ್ ಅವರು ರೋಡೊಸ್ಪಿರಿಲ್ಲಮ್ ರೂಬ್ರಮ್ ಎಂಬ ನೇರಳೆ ಬ್ಯಾಕ್ಟೀರಿಯದಿಂದ ಬೆಳಕು ಹೀರುವ ಪೊರೆಕಣಗಳನ್ನು ಬೇರ್ಪಡಿಸಿದರು. ಈ ಎರಡು ಪೊರೆರಚನೆಗಳ ನಡುವೆ ರಕ್ತಸಂಬಂಧ ಇರಬಹುದೆಂಬ ಮಾತಿಗೆ ಗಟ್ಟಿಯಾದ ಆಧಾರ ಸಿಗಲು ಅರವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು.

ನಡುವೆ ಒಂದು ದಾರಿ ತಪ್ಪಿದ ಅಧ್ಯಾಯವಿದೆ. ಬ್ಯಾಸಿಲಸ್‌ನಂಥ ಬ್ಯಾಕ್ಟೀರಿಯಗಳಲ್ಲಿ ಕಂಡ ಸುರುಳಿಪೊರೆಗಳಿಗೆ ಮೀಸೊಸೋಮ್ ಎಂಬ ಹೆಸರು ಬಂತು. ಬ್ಯಾಕ್ಟೀರಿಯ ಉಸಿರಾಡುವುದೇ ಇವುಗಳಲ್ಲಿ ಎಂದು ಹಲವರು ನಂಬಿದರು. ಆದರೆ ಮಾದರಿಯನ್ನು ರಾಸಾಯನಿಕಗಳಿಂದ ಸ್ಥಿರಗೊಳಿಸುವ ಬದಲು ತಟ್ಟನೆ ಹೆಪ್ಪುಗಟ್ಟಿಸಿ ನೋಡಿದಾಗ ಅವು ಕಾಣಲೇ ಇಲ್ಲ. ಮಾದರಿ ಸಿದ್ಧಪಡಿಸುವಾಗ ಹುಟ್ಟಿದ ವಿಕೃತಿಗಳೆಂದು ತೀರ್ಮಾನವಾಯಿತು. ನೇರಳೆ ಬ್ಯಾಕ್ಟೀರಿಯಗಳ ಒಳಪೊರೆಗಳು ಮಾತ್ರ ನಿಜವಾದವು. ಆಮ್ಲಜನಕ ಕಡಿಮೆಯಾದಾಗ ಅವು ಜೀವಕೋಶದ ಪೊರೆಯಿಂದಲೇ ಒಳಕ್ಕೆ ಬೆಳೆಯುತ್ತವೆ.

1967ರಲ್ಲಿ ಲಿನ್ ಮಾರ್ಗುಲಿಸ್ ಅಂತಃಸಹಜೀವನ ವಾದಕ್ಕೆ, ಅಂದರೆ ಮೈಟೊಕಾಂಡ್ರಿಯ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯವಾಗಿತ್ತೆಂಬ ವಾದಕ್ಕೆ, ಮರುಜೀವ ಕೊಟ್ಟರು. ಮುಂದೆ ಆರ್‌ಎನ್‌ಎ ಹೋಲಿಕೆಗಳು ಮೈಟೊಕಾಂಡ್ರಿಯದ ಬೇರನ್ನು ಆಲ್ಫಾಪ್ರೋಟಿಯೊಬ್ಯಾಕ್ಟೀರಿಯಗಳಲ್ಲಿ ಗುರುತಿಸಿದವು. ನೇರಳೆ ಬ್ಯಾಕ್ಟೀರಿಯಗಳಲ್ಲಿ ಹಲವು ಈ ಗುಂಪಿನವೇ. ಆದರೂ ರೂಪದ ಹೋಲಿಕೆಯನ್ನಷ್ಟೇ ನೆಚ್ಚುವಂತಿರಲಿಲ್ಲ. ಸಯನೊಬ್ಯಾಕ್ಟೀರಿಯಗಳಲ್ಲೂ ಮೀಥೇನ್ ತಿನ್ನುವ ಮೀಥೈಲೊಕಾಕಸ್‌ನಲ್ಲೂ ಒಳಪೊರೆಗಳಿವೆ. ಅವು ಬೇರೆ ವಂಶದವು.

ನಿರ್ಣಾಯಕ ಸುಳಿವು ಸಿಕ್ಕಿದ್ದು ಪ್ರೋಟೀನಿನಲ್ಲಿ. ಕ್ರಿಸ್ಟೆಯ ಕುತ್ತಿಗೆಯನ್ನು ಚೀಲದ ಬಾಯಿಗೆ ಬಿಗಿದ ದಾರದಂತೆ ಹಿಡಿದಿಡುವ ಮೈಕೋಸ್ ಎಂಬ ಪ್ರೋಟೀನ್ ಸಂಕೀರ್ಣ 2011ರಲ್ಲಿ ಬೆಳಕಿಗೆ ಬಂತು. ಅದರ ಮುಖ್ಯ ಘಟಕ ಮಿಕ್60. ಇದರ ಬಂಧು ಆಲ್ಫಾಪ್ರೋಟಿಯೊಬ್ಯಾಕ್ಟೀರಿಯಗಳಲ್ಲಿದೆ ಎಂದು ಸೆರ್ಹಿಯೊ ಮುನ್ಯೋಸ್-ಗೋಮೆಸ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. 2017ರಲ್ಲಿ ಇನ್ನೊಂದು ತಂಡ ಬ್ಯಾಕ್ಟೀರಿಯದ ಮಿಕ್60 ಕೂಡ ಪೊರೆಯನ್ನು ಬಾಗಿಸಬಲ್ಲದೆಂದು ಪ್ರಯೋಗದಿಂದ ಸಾಬೀತುಪಡಿಸಿತು. 2023ರಲ್ಲಿ ನೇರಳೆ ಬ್ಯಾಕ್ಟೀರಿಯಗಳಿಂದ ಮಿಕ್60ರ ಜೀನನ್ನು ತೆಗೆದುಹಾಕಿದಾಗ ಒಳಪೊರೆಗಳ ಬೆಳವಣಿಗೆಯೇ ಏರುಪೇರಾಯಿತು. ಈ ಲೇಖನದ ದೃಷ್ಟಿಯಲ್ಲಿ ಅತ್ಯಂತ ತೂಕದ ಸಾಕ್ಷ್ಯ ಇದೇ: ಒಂದೇ ಪ್ರೋಟೀನ್, ಎರಡೂ ಕಡೆ ಅದೇ ಕೆಲಸ.

ಎಲ್ಲವೂ ಪಿತ್ರಾರ್ಜಿತವಲ್ಲ. ಕ್ರಿಸ್ಟೆಯ ಅಂಚನ್ನು ಬಾಗಿಸುವ ಎಟಿಪಿ ಸಿಂಥೇಸ್ ಜೋಡಿಗಳು ಮೈಟೊಕಾಂಡ್ರಿಯದ್ದೇ ಸಂಪಾದನೆ. ಇನ್ನು ಜಿಯಾರ್ಡಿಯದಂಥ ಪರಾವಲಂಬಿಗಳಲ್ಲಿ ಮೈಟೊಕಾಂಡ್ರಿಯ ಕುಗ್ಗಿ ಮೈಟೊಸೋಮ್ ಆಗಿದೆ. ಉಸಿರಾಟದ ಸರಪಳಿಯ ಜೊತೆಗೆ ಕ್ರಿಸ್ಟೆಗಳೂ ಮಿಕ್60 ಕೂಡ ಅಲ್ಲಿ ಕಳೆದುಹೋಗಿವೆ.